ಏಳೂ ಇಪ್ಪತ್ತು

ಶಿವಮೊಗ್ಗದ ಸಭಾಂಗಣ, ಸೋಮವಾರ. ಒಂಬತ್ತು ಮಂದಿ,
ಇಸ್ತ್ರಿ ಮುರಿಯದ ಬಿಳಿ ಬಟ್ಟೆ, ಹೊಸ ನೋಟುಬುಕ್ಕು.
ಮೊದಲ ಪುಟದಲ್ಲಿ ಎಲ್ಲರೂ ಬರೆದುಕೊಂಡಿದ್ದಾರೆ:
‘ಪರಿವರ್ತನೆಯ ಕಾಲದಲ್ಲಿ ಸಭಾಪಾಲನೆ’.
ಕೆಳಗೆ ಎರಡು ಗೆರೆ, ಸ್ಕೇಲಿಟ್ಟು.

ನಾನು ಕೇಳಿದೆ: ಮೋಶೆ ಸತ್ತ. ಜನ ಮೋವಾಬಿನ ಬಯಲಲ್ಲಿ
ಮೂವತ್ತು ದಿನ ಅತ್ತರು ಅಂತ ಬರೆದಿದೆ.
ಆ ಮೂವತ್ತು ದಿನ
ಡೇರೆಯ ಹಗ್ಗ ಬಿಗಿದವರು ಯಾರು?
ಹೆಂಗಸರ ನೀರಿನ ಜಗಳ ಬಿಡಿಸಿದವರು?
ಹೆಸರು ಹೇಳಿ.

ಯೆಹೋಶುವ, ಅಂದಳು ಹಿಂದಿನ ಸಾಲಿನ ಶುಭವತಿ,
ಅವನ ತಲೆ ಮೇಲೆ ಮೊದಲೇ ಕೈಯಿಟ್ಟಾಗಿತ್ತಲ್ಲ ಅಯ್ಯನವರೆ.
ಸರಿ. ಪೂರ್ತಿ ಅಂಕ.
ಆದರೆ ‘ಏಳು, ಹೊಳೆ ದಾಟು’ ಎಂಬ ಮಾತು ಅವನಿಗೆ ಬಂದದ್ದು
ಅಳು ಮುಗಿದ ಮೇಲೆ.
ಅಲ್ಲಿತನಕ ಹಗ್ಗ ಬಿಗಿದವನು ಯಾರೋ.
ಬರೆದವರು ಅವನನ್ನು ಬಿಟ್ಟರು.
ನಿಮ್ಮನ್ನು ಕಳಿಸುತ್ತಿರುವುದು ಅವನ ಕೆಲಸಕ್ಕೆ.

ಹಳಬರು ಹೋಗಿ ಹೊಸಬರು ಬರುವ ತನಕ,
ಎಂಟು ತಿಂಗಳೋ, ವರ್ಷವೋ,
ಬೀಗದಕೈ ನಿಮ್ಮದು, ಮನೆ ನಿಮ್ಮದಲ್ಲ.
ಬೋರ್ಡಿನಲ್ಲಿ ಹೆಸರು ಬರೆಸಬೇಡಿ. ಸೀಮೆಸುಣ್ಣ ಸಾಕು.

ಬರೆದುಕೊಂಡರು. ಅಷ್ಟು ಚಂದ ಬರೆದುಕೊಳ್ಳುವುದು ನೋಡಿ
ಹೇಳಬಾರದೆಂದಿದ್ದುದನ್ನು ಹೇಳಬೇಕಾಯಿತು.

ಭದ್ರಾವತಿ. ಕಾಗದದ ಮಿಲ್ಲಿನ ಕಾಲೊನಿ.
ಮಿಲ್ಲು ನಿಂತು ಮೂರು ವರ್ಷ. ಕ್ವಾರ್ಟರ್ಸಿನ ಬಾಗಿಲುಗಳಿಗೆ ಹಲಗೆ.
ನೂರ ನಲವತ್ತು ಮನೆಯ ಸಭೆ ಮೂವತ್ತೊಂದಕ್ಕೆ ಇಳಿದಿತ್ತು.
ತಮಿಳು ಆರಾಧನೆ, ಕನ್ನಡ ಆರಾಧನೆ ಕೂಡಿಸಿ ಒಂದು ಮಾಡಿದ್ದರು,
ಕೀರ್ತನೆ ಮಾತ್ರ ಇನ್ನೂ ಎರಡೆರಡು ಬಾಯಲ್ಲಿ.
ಆರಾಧನೆ ಏಳೂ ಇಪ್ಪತ್ತಕ್ಕೆ.
ಏಳಕ್ಕಲ್ಲ. ಏಳೂವರೆಗಲ್ಲ.
ಯಾಕೆಂದು ನಾನು ಕೇಳಲಿಲ್ಲ.
ಎಳೆಮಕ್ಕಳ ತಾಯಂದಿರಿದ್ದಾರೆ, ಬಸ್ಸಿಗೆ ಬರುವವರಿದ್ದಾರೆ,
ಒಂಬತ್ತೂವರೆ ಎಂದು ನೋಟೀಸು ಅಂಟಿಸಿದೆ,
ಬಂದ ಮೂರನೆಯ ಭಾನುವಾರಕ್ಕೆ.
ಎಲ್ಲರೂ ಆಗಲಿ ಅಂದರು. ಕಮಿಟಿಯೂ ಆಗಲಿ ಅಂದಿತು.

ಯೋಬಣ್ಣ ಏನೂ ಅನ್ನಲಿಲ್ಲ.
ಪಲ್ಪಿನ ಸೆಕ್ಷನ್ನಿನಲ್ಲಿ ಇಪ್ಪತ್ತಾರು ವರ್ಷ ದುಡಿದವನು.
ಏಳೂ ಇಪ್ಪತ್ತಕ್ಕೆ ಬಂದು
ಮುಚ್ಚಿದ ಬಾಗಿಲ ಮುಂದೆ, ಮೆಟ್ಟಿಲ ಮೇಲೆ ಕೂತ,
ಒಂಬತ್ತೂವರೆ ತನಕ.
ಮುಂದಿನ ವಾರವೂ. ಅದರ ಮುಂದಿನ ವಾರವೂ.

ಕೊನೆಗೆ ಹೇಳಿದ್ದು ಹೆಲೆನ್ ಪಾಕಿಯಂ, ಗುಡಿಸುತ್ತ, ನನ್ನ ಕಡೆ ನೋಡದೆ:
ಆರಕ್ಕೆ ರಾತ್ರಿ ಪಾಳಿ ಬಿಡ್ತಿತ್ತು ಅಯ್ಯಾ.
ಸೈಕಲ್ಲು, ಮನೆ, ಬಿಸಿನೀರು, ಸೋಪು,
ಮೈಯಿಂದ ಆ ವಾಸನೆ ಹೋಗೋಕೆ ಎಷ್ಟು ಹೊತ್ತು ಬೇಕೋ
ಅಷ್ಟು.

ಸೈರನ್ನು ಸತ್ತ ಮೇಲೆ ಊರಲ್ಲಿ ಉಳಿದಿದ್ದ ಒಂದೇ ಪಾಳಿಯನ್ನು
ನಾನು ರದ್ದು ಮಾಡಿದ್ದೆ.

ಮತ್ತೆ ಹಿಂದಕ್ಕೆ ಹಾಕಿದಿರಾ? ನೆಹೆಮಿಯ ಕೇಳಿದ.
ಇಲ್ಲಪ್ಪ. ಬಸ್ಸಿನವರು ಬರತೊಡಗಿದ್ದರಲ್ಲ.
ನಾನೂ ಏಳೂ ಇಪ್ಪತ್ತಕ್ಕೆ ಹೋಗಿ ಅವನ ಪಕ್ಕ ಕೂತೆ.
ಎರಡು ವಾರ ಮಾತಿಲ್ಲ.
ಮೂರನೆಯ ವಾರ ಅವನೇ ಚಿಮಣಿಯ ಕಡೆ ಗದ್ದವೆತ್ತಿ,
ಬಿದಿರು ಕಾಗದ ಆಗೋದು ಹೆಂಗೆ ಗೊತ್ತಾ? ಬೇಯಬೇಕು.
ಬೇಯೋವಾಗ ಅದು ಬಿದಿರೂ ಅಲ್ಲ, ಕಾಗದವೂ ಅಲ್ಲ.
ಆಗ ಮುಚ್ಚಳ ತೆಗೆದವನು
ಕಣ್ಣು ಕಳ್ಕೋತಾನೆ, ಅಂದ.

ಇದನ್ನು ಬರೆದುಕೊಳ್ಳಬೇಡಿ ಅಂದೆ.
ಬರೆದುಕೊಂಡರು.

ಶುಭವತಿ ಸಾಗರದ ಕಡೆಯ ಸಭೆಗೆ ಹೋಗಿ ಹದಿನೈದು ದಿನ.
ರಾತ್ರಿ ಫೋನು:
ಪೀಠದ ಎಡಕ್ಕೊಂದು ಕುರ್ಚಿ ಇದೆ ಅಯ್ಯನವರೆ,
ಯಾರೂ ಕೂರಲ್ಲ, ಓಡಾಟಕ್ಕೆ ಅಡ್ಡ. ತೆಗೆಸಲಾ?
ನಾನು ಸುಮ್ಮನಿದ್ದೆ.
ಆಚೆಯಿಂದ ಚಪ್ಪಲಿ ಸದ್ದು, ಸ್ವಿಚ್ಚು ಒತ್ತಿದ ಸದ್ದು,
ಮತ್ತೆ ಅವಳ ದನಿ, ಈಗ ಸಣ್ಣಗೆ:
ಧೂಳಿಲ್ಲ ಅಯ್ಯನವರೆ, ಇದರ ಮೇಲೆ.
ಯಾರೋ ದಿನಾ ಒರೆಸ್ತಾರೆ.